ಮರೆತ ಹಾಡುಗಳನ್ನು ಸಾಕಿದ ಊರು

ಎಳೆಯ ವಯಸ್ಸಿನಲ್ಲಿ ಕೇಳಿದ ಹಾಡೊಂದು ಬಹುಕಾಲದ ಮೇಲೆ ಕಿವಿಗೆ ಬಿದ್ದರೆ ಮನಸ್ಸು ಕರಗದವರು ವಿರಳ. ಹಾಡಿನ ಬೆನ್ನಿಗೇ ಅದನ್ನು ಕೇಳಿದ ಮನೆ, ಜೊತೆಗಿದ್ದ ಗೆಳೆಯರು, ಅಂದಿನ ಮೈಯ ಹುರುಪು, ಎಲ್ಲವೂ ಹಿಂತಿರುಗಿ ಬಂದಂತಾಗುವುದು. ಈ ಹಂಬಲಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಕಳೆದುಹೋದ ತನ್ನ ಯೌವನವನ್ನೇ ಮನುಷ್ಯನು ಆ ಹಾಡಿನಲ್ಲಿ ಕಾಣುತ್ತಾನೆ. ಆದರೆ ತಾವು ಎಂದೂ ನೋಡದ ದೇಶದಲ್ಲಿ, ಹೆಸರನ್ನೂ ಕೇಳದ ಜನರು ಹಾಡಿ, ಆ ದೇಶದಲ್ಲಿಯೂ ಯಾರೂ ಕೊಳ್ಳದೆ ಮೂಲೆಗೆ ಬಿದ್ದಿದ್ದ ಹಾಡುಗಳಿಗಾಗಿ ಸಾವಿರಾರು ತರುಣರು ಹಂಬಲಿಸಿದರೆಂದರೆ ಅದು ಆಲೋಚಿಸತಕ್ಕ ಸಂಗತಿ. ೧೯೭೦ರ ದಶಕದಲ್ಲಿ ಇಂಗ್ಲೆಂಡಿನ ಉತ್ತರಭಾಗದ ಕೈಗಾರಿಕೆಯ ಪಟ್ಟಣಗಳಲ್ಲಿ ಇದು ನಡೆಯಿತು. ಆ ಸಂಗೀತಕ್ಕೂ ಅದರ ಸುತ್ತ ಬೆಳೆದ ಕೂಟಕ್ಕೂ ‘ನಾರ್ದರ್ನ್ ಸೋಲ್’ ಎಂದು ಹೆಸರಾಯಿತು. ಅದರ ಮುಖ್ಯ ನೆಲೆ ವಿಗನ್ ಎಂಬ ಊರಿನ ಹಳೆಯದೊಂದು ನೃತ್ಯಶಾಲೆ.

ಹಾಡುಗಳ ತವರು ಅಮೆರಿಕ. ಅಲ್ಲಿಯೂ ವಿಶೇಷವಾಗಿ ಡೆಟ್ರಾಯಿಟ್ ನಗರ. ಮೋಟಾರು ಗಾಡಿಗಳ ಕಾರ್ಖಾನೆಗಳಿಗೆ ಪ್ರಸಿದ್ಧವಾದ ಈ ನಗರಕ್ಕೆ ದಕ್ಷಿಣದ ಸಂಸ್ಥಾನಗಳಿಂದ ಕರಿಯ ಜನರು ಕೆಲಸವನ್ನರಸಿ ದೊಡ್ಡ ಸಂಖ್ಯೆಯಲ್ಲಿ ಬಂದು ನೆಲಸಿದ್ದರು. ಅವರು ತಮ್ಮ ಚರ್ಚುಗಳಲ್ಲಿ ಹಾಡುತ್ತಿದ್ದ ಭಕ್ತಿಗೀತಗಳ ಧಾಟಿಯೂ ಪಟ್ಟಣದ ನೃತ್ಯಸಂಗೀತದ ಲಯವೂ ಕೂಡಿ ‘ಸೋಲ್’ ಎಂಬ ಸಂಗೀತ ರೂಪುಗೊಂಡಿತು. ಆ ಇಂಗ್ಲಿಷ್ ಮಾತಿಗೆ ಆತ್ಮವೆಂದೇ ಅರ್ಥ. ಮೋಟಾರು ಕಾರ್ಖಾನೆಯೊಂದರಲ್ಲಿ ಕೂಲಿಮಾಡಿದ್ದ ಬೆರ್ರಿ ಗಾರ್ಡಿ ಎಂಬಾತನು ೧೯೫೯ರಲ್ಲಿ ಮನೆಯವರಿಂದ ೮೦೦ ಡಾಲರುಗಳನ್ನು ಸಾಲ ಪಡೆದು ರಿಕಾರ್ಡುಗಳ ಕಂಪೆನಿಯೊಂದನ್ನು ತೆರೆದನು. ಮುಂದೆ ಮೋಟೌನ್ ಎಂದು ಲೋಕಪ್ರಸಿದ್ಧವಾದುದು ಇದೇ. ಬಿಡಿಭಾಗಗಳನ್ನು ಒಂದೊಂದಾಗಿ ಜೋಡಿಸುತ್ತ ಗಾಡಿಯನ್ನು ಹೊರತರುವ ಕಾರ್ಖಾನೆಯ ಕ್ರಮವನ್ನು ಅವನು ಹಾಡುಗಳಿಗೂ ಅನ್ವಯಿಸಿದನು. ಪದ್ಯ ಕಟ್ಟುವವರು ಒಂದು ಕಡೆ, ವಾದ್ಯಗಾರರು ಒಂದು ಕಡೆ, ಹಾಡುವವರು ಮತ್ತೊಂದು ಕಡೆ; ಕೊನೆಗೆ ಸಿದ್ಧವಾದ ಹಾಡು ಮಾರಾಟಕ್ಕೆ ಯೋಗ್ಯವೇ ಅಲ್ಲವೇ ಎಂದು ನಿರ್ಣಯಿಸಲು ಒಂದು ಸಭೆ.

ಮೋಟೌನಿನ ಯಶಸ್ಸನ್ನು ಕಂಡು ಡೆಟ್ರಾಯಿಟ್, ಚಿಕಾಗೊ, ಲಾಸ್ ಏಂಜಲೀಸ್ ಮೊದಲಾದ ನಗರಗಳಲ್ಲಿ ಚಿಕ್ಕಪುಟ್ಟ ಕಂಪೆನಿಗಳು ಹೇರಳವಾಗಿ ಹುಟ್ಟಿಕೊಂಡವು. ಒಬ್ಬ ಗಾಯಕನು ಹೆಸರುಗಳಿಸಿದರೆ ಅವನಷ್ಟೇ ಸಮರ್ಥರಾದ ಹಲವರು ಒಂದೆರಡು ರಿಕಾರ್ಡುಗಳನ್ನು ಕೊಟ್ಟು ಮರೆಯಾದರು. ರೇಡಿಯೋದವರು ಹಾಕದೆ, ಅಂಗಡಿಯವರು ತರಿಸದೆ, ಎಷ್ಟೋ ರಿಕಾರ್ಡುಗಳು ಉಗ್ರಾಣಗಳಲ್ಲಿ ಧೂಳು ತಿನ್ನುತ್ತ ಬಿದ್ದವು. ದಶಕವು ಮುಗಿಯುವ ಹೊತ್ತಿಗೆ ಕರಿಯ ಜನರ ಸಂಗೀತವೇ ಬೇರೆ ದಾರಿ ಹಿಡಿದಿದ್ದಿತು. ಲಯ ನಿಧಾನವೂ ಭಾರವೂ ಆಗಿ ‘ಫಂಕ್’ ಎಂಬ ಹೊಸ ರೀತಿ ರೂಢಿಗೆ ಬಂದಿತು. ೧೯೭೨ರಲ್ಲಿ ಮೋಟೌನ್ ಕಂಪೆನಿಯೇ ಡೆಟ್ರಾಯಿಟನ್ನು ಬಿಟ್ಟು ಲಾಸ್ ಏಂಜಲೀಸಿಗೆ ಹೋಯಿತು. ಹುಟ್ಟಿದ ಊರಿನಲ್ಲಿಯೇ ಆ ಹಳೆಯ ಧಾಟಿಯನ್ನು ಕೇಳುವವರು ಕಡಮೆಯಾದರು.

ಅದು ಉಳಿದುದು ಅಟ್ಲಾಂಟಿಕ್ ಸಮುದ್ರದ ಆಚೆಯ ದಡದಲ್ಲಿ. ಮ್ಯಾಂಚೆಸ್ಟರ್ ನಗರದಲ್ಲಿ ೧೯೬೩ರ ಜನವರಿಯಲ್ಲಿ ‘ಟ್ವಿಸ್ಟೆಡ್ ವೀಲ್’ ಎಂಬ ಕ್ಲಬ್ಬು ತೆರೆಯಿತು. ೧೯೬೫ರಲ್ಲಿ ವಿಟ್‌ವರ್ತ್ ಬೀದಿಗೆ ಸ್ಥಳಾಂತರವಾದ ಮೇಲೆ ಅಲ್ಲಿ ಶನಿವಾರದ ರಾತ್ರಿಯೆಲ್ಲ ಅಮೆರಿಕದ ವೇಗವಾದ ನೃತ್ಯಗೀತಗಳನ್ನು ನುಡಿಸುವ ಪದ್ಧತಿ ಬಲಗೊಂಡಿತು. ಆ ಕೂಟಗಳಲ್ಲಿ ಮದ್ಯವನ್ನು ಮಾರುತ್ತಿರಲಿಲ್ಲ. ವಾರವಿಡೀ ಕಾರ್ಖಾನೆಯಲ್ಲಿಯೋ ಅಂಗಡಿಯಲ್ಲಿಯೋ ದುಡಿದ ಹುಡುಗರು ಹುಡುಗಿಯರು ಅಲ್ಲಿಗೆ ಕುಣಿಯಲೆಂದೇ ಬರುತ್ತಿದ್ದರು. ಲಂಡನ್ನಿನಲ್ಲಿ ಅಂಥ ರಿಕಾರ್ಡುಗಳ ಅಂಗಡಿಯನ್ನಿಟ್ಟಿದ್ದ ಡೇವ್ ಗಾಡಿನ್ ಎಂಬಾತನು ಒಂದು ವಿಷಯವನ್ನು ಗಮನಿಸಿದನು. ಫುಟ್‌ಬಾಲ್ ಪಂದ್ಯಗಳಿಗಾಗಿ ರಾಜಧಾನಿಗೆ ಬರುತ್ತಿದ್ದ ಉತ್ತರದ ಹುಡುಗರು ಹೊಸ ರಿಕಾರ್ಡುಗಳ ಕಡೆಗೆ ಕಣ್ಣೆತ್ತಿಯೂ ನೋಡದೆ, ಕೆಲವು ವರ್ಷ ಹಿಂದಿನ ವೇಗದ ಹಾಡುಗಳನ್ನೇ ಕೇಳುತ್ತಿದ್ದರು. ಅವರಿಗೆ ಬೇಕಾದ ಸರಕನ್ನು ಗುರುತಿಸಲು ಅಂಗಡಿಯ ಕೆಲಸಗಾರರಿಗೆ ಅವನು ಹೇಳಿಕೊಟ್ಟ ಹೆಸರೇ ನಾರ್ದರ್ನ್ ಸೋಲ್, ಅಂದರೆ ಉತ್ತರದವರ ಸೋಲ್. ೧೯೭೦ರಲ್ಲಿ ಪತ್ರಿಕೆಯೊಂದರಲ್ಲಿ ಅವನು ಈ ಹೆಸರನ್ನು ಬಳಸಿ ಬರೆದ ಮೇಲೆ ಅದು ಸ್ಥಿರವಾಯಿತು. ಹೀಗೆ ಆ ಹೆಸರು ಹಾಡಿದವರ ನಾಡನ್ನು ಹೇಳದೆ ಕೇಳಿದವರ ನಾಡನ್ನು ಹೇಳುತ್ತದೆ. ಇದು ಗಮನಾರ್ಹ.

ಟ್ವಿಸ್ಟೆಡ್ ವೀಲ್ ೧೯೭೧ರಲ್ಲಿ ಮುಚ್ಚಿತು. ಅನಂತರ ಸ್ಟೋಕ್ ನಗರಕ್ಕೆ ಸೇರಿದ ಟನ್‌ಸ್ಟಾಲಿನ ‘ಟಾರ್ಚ್’ ಎಂಬ ಕ್ಲಬ್ಬಿಗೆ ಜನ ಹರಿಯಿತು. ಚಿಕಾಗೊ ನಗರದ ಮೇಜರ್ ಲ್ಯಾನ್ಸ್ ಎಂಬ ಗಾಯಕನು ೧೯೭೨ರ ಡಿಸೆಂಬರಿನಲ್ಲಿ ಅಲ್ಲಿಗೆ ಬಂದು ಹಾಡಿದನು. ಸ್ವದೇಶದಲ್ಲಿ ಅವನ ಉಚ್ಛ್ರಾಯದ ದಿನಗಳು ಕಳೆದಿದ್ದವು. ಇಲ್ಲಿಯಾದರೋ ಕಿಕ್ಕಿರಿದ ಸಭೆ ಅವನ ಒಂದೊಂದು ಹಾಡನ್ನೂ ಬಾಯಿಪಾಠವಾಗಿ ಬಲ್ಲುದಾಗಿದ್ದಿತು. ಟಾರ್ಚ್ ಸಹ ೧೯೭೩ರ ಮಾರ್ಚಿಯಲ್ಲಿ ಮುಚ್ಚಿಹೋಯಿತು.

ಅದೇ ವರ್ಷದ ಸೆಪ್ಟೆಂಬರ್ ೨೩ರಂದು ವಿಗನ್ ಕ್ಯಾಸಿನೋದಲ್ಲಿ ಮೊದಲನೆಯ ಅಹೋರಾತ್ರಿ ಕೂಟ ನಡೆಯಿತು. ವಿಗನ್ ಊರಿನ ಹೆಸರು ಇಂಗ್ಲಿಷ್ ಸಾಹಿತ್ಯವನ್ನು ಬಲ್ಲ ವಾಚಕರಿಗೆ ಅಪರಿಚಿತವಲ್ಲ. ಗಣಿಯ ಕೂಲಿಗಳ ದಾರಿದ್ರ್ಯವನ್ನು ಕಣ್ಣಾರೆ ಕಂಡು ಜಾರ್ಜ್ ಆರ್ವೆಲ್ಲನು ೧೯೩೭ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಈ ಊರಿನ ಹೆಸರೇ ಇದೆ. ಕಲ್ಲಿದ್ದಲು ಮತ್ತು ಹತ್ತಿ, ಇವೆರಡರಿಂದ ಬದುಕಿದ ಊರು ಅದು. ೧೯೭೦ರ ದಶಕದಲ್ಲಿ ಎರಡೂ ಕ್ಷೀಣದಶೆಯಲ್ಲಿದ್ದವು. ಕ್ಯಾಸಿನೋ ಎಂಬ ಹೆಸರನ್ನು ಕೇಳಿ ಅದು ಜೂಜುಕಟ್ಟೆಯೆಂದು ಭಾವಿಸಬಾರದು. ಎಂಪ್ರೆಸ್ ಬಾಲ್‌ರೂಂ ಎಂದು ಕರೆಯುತ್ತಿದ್ದ ಹಳೆಯ ನೃತ್ಯಶಾಲೆ ಅದು. ವಿಶಾಲವಾದ ಮರದ ನೆಲ, ಮೇಲೆ ಸುತ್ತಲೂ ಮಹಡಿಯ ಮೊಗಸಾಲೆ. ಸ್ಥಳೀಯನಾದ ರಸ್ ವಿನ್‌ಸ್ಟಾನ್ಲಿ ಎಂಬ ತರುಣನು ಅಲ್ಲಿ ರಿಕಾರ್ಡುಗಳನ್ನು ಆರಿಸಿ ಹಾಕುವ ಡಿಸ್ಕ್ ಜಾಕಿಯಾದನು.

ಆ ಕೂಟದ ಕ್ರಮವೇ ಒಂದು ಬಗೆ. ಊರೆಲ್ಲ ಮಲಗಿದ ಮೇಲೆ, ರಾತ್ರಿ ಎರಡು ಘಂಟೆಗೆ ಬಾಗಿಲು ತೆರೆಯುತ್ತಿದ್ದಿತು. ಬೆಳಗ್ಗೆ ಎಂಟಕ್ಕೆ ಮುಗಿಯುತ್ತಿದ್ದಿತು. ಸ್ಕಾಟ್ಲೆಂಡಿನಿಂದಲೂ ವೇಲ್ಸಿನಿಂದಲೂ ಮಧ್ಯ ಇಂಗ್ಲೆಂಡಿನ ಊರುಗಳಿಂದಲೂ ರೈಲಿನಲ್ಲಿ, ಬಸ್ಸಿನಲ್ಲಿ, ದಾರಿಯಲ್ಲಿ ಸಿಕ್ಕಿದ ಲಾರಿಗಳಲ್ಲಿ ಬಂದವರು ಚಳಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದರು. ಹೆಗಲಿನಲ್ಲಿ ಒಂದು ಚೀಲ. ಅದರೊಳಗೆ ಬೆವರಿದಾಗ ಬದಲಾಯಿಸಲು ಬಟ್ಟೆ, ಟವಲು, ಮಾರಲೋ ಬದಲಾಯಿಸಿಕೊಳ್ಳಲೋ ತಂದ ರಿಕಾರ್ಡುಗಳು, ಒಂದು ಡಬ್ಬಿ ಟಾಲ್ಕಂ ಪೌಡರು. ಈ ಪೌಡರು ಮುಖಕ್ಕಲ್ಲ. ಹೆಜ್ಜೆ ಸಲೀಸಾಗಿ ಜಾರಲೆಂದು ನೆಲಕ್ಕೆ ಎರಚುವುದಕ್ಕಾಗಿ. ಹುಡುಗರು ತೀರ ಅಗಲವಾದ ಷರಾಯಿಗಳನ್ನೂ ಹುಡುಗಿಯರು ತಿರುಗಿದಾಗ ಕೊಡೆಯಂತೆ ಬಿಚ್ಚುವ ಉದ್ದ ಲಂಗಗಳನ್ನೂ ಧರಿಸುತ್ತಿದ್ದರು. ಪಾಶ್ಚಾತ್ಯ ನೃತ್ಯವೆಂದರೆ ಗಂಡುಹೆಣ್ಣುಗಳು ಕೈಹಿಡಿದು ಆಡುವುದೆಂಬ ಸಾಮಾನ್ಯ ಭಾವನೆ ಇಲ್ಲಿ ಸಲ್ಲದು. ಪ್ರತಿಯೊಬ್ಬರೂ ಒಬ್ಬಂಟಿಯಾಗಿಯೇ ಕುಣಿಯುತ್ತಿದ್ದರು: ಅಡ್ಡಡ್ಡಲಾಗಿ ಜಾರುವ ಹೆಜ್ಜೆ, ಬುಗುರಿಯಂಥ ಸುತ್ತು, ಹಿಂದಕ್ಕೆ ಬಿದ್ದು ಅಂಗೈಯೂರಿ ಚಿಮ್ಮಿ ಏಳುವ ವರಸೆ. ಹಾಡಿನ ನಿಯತವಾದ ಸ್ಥಾನದಲ್ಲಿ ಸಭೆಯೆಲ್ಲ ಏಕಕಾಲಕ್ಕೆ ಒಂದೇ ಚಪ್ಪಾಳೆ ಹೊಡೆಯುವುದುಂಟು. ಹಾಡನ್ನು ಅಕ್ಷರಶಃ ಬಲ್ಲವರಿಗಲ್ಲದೆ ಅದು ಸಾಧ್ಯವಾಗದು.

ಬೆಳಗಿನ ಎಂಟಕ್ಕೆ ಮುಂಚೆ ಯಾವಾಗಲೂ ಅವೇ ಮೂರು ರಿಕಾರ್ಡುಗಳನ್ನು ಹಾಕಿ ಕೂಟವನ್ನು ಮುಗಿಸುವ ಪದ್ಧತಿ ಬೆಳೆದು ಬಂದಿತು. ಕಾಲವು ಮನುಷ್ಯನನ್ನು ದಾಟಿಹೋಗುವುದೆಂಬ ಅರ್ಥದ ಶೀರ್ಷಿಕೆಯುಳ್ಳ ಟೋಬಿ ಲೆಜೆಂಡಳ ಹಾಡು, ಈ ರಾತ್ರಿ ಕಳೆದ ಎಷ್ಟೋ ದಿನಗಳ ಮೇಲೆ ಎಂಬ ಅರ್ಥದ ಜಿಮ್ಮಿ ರ್‍ಯಾಡ್‌ಕ್ಲಿಫನ ಹಾಡು, ಹೊರಟೆನೆಂಬ ಅರ್ಥದ ಡೀನ್ ಪ್ಯಾರಿಷನ ಹಾಡು, ಇವೇ ಆ ಮೂರು. ಇವರಲ್ಲಿ ರ್‍ಯಾಡ್‌ಕ್ಲಿಫನು ಕ್ಯಾಸಿನೋದ ಬಾಗಿಲು ತೆರೆಯುವುದಕ್ಕೆ ಕೆಲವು ವಾರಗಳ ಮೊದಲೇ, ೧೯೭೩ರ ಜುಲೈಯಲ್ಲಿ, ನಲವತ್ತು ತುಂಬುವ ಮುನ್ನ ತೀರಿಕೊಂಡಿದ್ದನು. ಎಂಟು ವರ್ಷಗಳ ಕಾಲ ಸಾವಿರಾರು ಜನರು ತನ್ನ ಕಂಠವನ್ನು ಕೇಳಿ ಕಣ್ಣೊರಸಿಕೊಂಡು ಮನೆಗೆ ಹೋಗುವರೆಂಬುದು ಅವನಿಗೆ ತಿಳಿಯಲೇ ಇಲ್ಲ.

ಈ ಕೂಟದಲ್ಲಿ ಹಾಡಿನ ಬೆಲೆ ಅದರ ಅಪರೂಪದಲ್ಲಿಯೂ ಇದ್ದಿತು. ಎಲ್ಲರೂ ಬಲ್ಲ ಹಾಡನ್ನು ಹಾಕುವ ಡಿಸ್ಕ್ ಜಾಕಿಗೆ ಗೌರವವಿರಲಿಲ್ಲ. ಆದುದರಿಂದ ಅವರೂ ವರ್ತಕರೂ ಅಮೆರಿಕಕ್ಕೆ ಹೋಗಿ ಉಗ್ರಾಣಗಳನ್ನು, ಹಳೆಯ ಸಾಮಾನಿನ ಅಂಗಡಿಗಳನ್ನು ಶೋಧಿಸುತ್ತಿದ್ದರು. ಮಾರಾಟವಾಗದೆ ಉಳಿದು, ಚೀಟಿಯಲ್ಲಿ ತೂತು ಕೊರೆದು, ಅಗ್ಗದ ಬೆಲೆಗೆ ಬಿಸಾಡಿದ ರಿಕಾರ್ಡೊಂದು ವಿಗನ್ನಿನಲ್ಲಿ ಒಂದು ವಾರದ ಕೂಲಿಗೆ ಮಾರಾಟವಾಗಬಹುದಾಗಿದ್ದಿತು. ತನ್ನ ಪತ್ತೆಯನ್ನು ಇತರರು ಅನುಸರಿಸದಂತೆ ರಿಕಾರ್ಡಿನ ಚೀಟಿಯ ಮೇಲೆ ಬೇರೆ ಕಾಗದವನ್ನಂಟಿಸಿ, ಹಾಡಿಗೂ ಹಾಡಿದವನಿಗೂ ಸುಳ್ಳು ಹೆಸರುಗಳನ್ನು ಕೊಡುವ ತಂತ್ರವೂ ಬಳಕೆಯಲ್ಲಿದ್ದಿತು. ಪ್ರೀತಿಯಿಂದ ಉಳಿಸಿದವರೇ ಹಾಡಿದವನ ಹೆಸರನ್ನು ಮರೆಸಿದರೆಂಬ ಈ ವಿರೋಧವನ್ನು ಚರಿತ್ರೆ ಬರೆಯುವವರು ಮುಚ್ಚಿಡಲಾಗದು.

ಫ್ರಾಂಕ್ ವಿಲ್ಸನ್ ಎಂಬವನ ಹಾಡಿನ ಕಥೆಯಲ್ಲಿ ಇದೆಲ್ಲವೂ ಕಾಣುತ್ತದೆ. ೧೯೬೫ರಲ್ಲಿ ಅವನು ಮೋಟೌನಿಗಾಗಿ ‘ಡೂ ಐ ಲವ್ ಯೂ’ ಎಂದು ಆರಂಭವಾಗುವ ಶೀರ್ಷಿಕೆಯ ಹಾಡೊಂದನ್ನು ಹಾಡಿದನು. ಮಾದರಿ ಪ್ರತಿಗಳು ಅಚ್ಚಾದವು. ಆದರೆ ವಿಲ್ಸನ್ನನು ಗಾಯಕನಾಗುವುದಕ್ಕಿಂತ ಪರರ ಹಾಡುಗಳನ್ನು ನಿರ್ಮಿಸುವ ಕೆಲಸವನ್ನೇ ಆರಿಸಿಕೊಂಡನು. ಹಾಡು ಮಾರುಕಟ್ಟೆಗೆ ಬರಲಿಲ್ಲ, ಪ್ರತಿಗಳನ್ನು ನಾಶಪಡಿಸಿದರು. ಹೇಗೋ ಉಳಿದುಕೊಂಡ ಒಂದು ಪ್ರತಿಯಿಂದ ೧೯೭೦ರ ದಶಕದ ಕೊನೆಯಲ್ಲಿ ಅನುಮತಿಯಿಲ್ಲದ ಮುದ್ರಣವೊಂದು ಹೊರಬಂದಿತು. ಅದರ ಮೇಲೆ ಇದ್ದುದು ಎಡ್ಡಿ ಫಾಸ್ಟರ್ ಎಂಬ ಬೇರೊಬ್ಬನ ಹೆಸರು. ಹಾಡು ವಿಗನ್ನಿನಲ್ಲಿ ಮನೆಮಾತಾಯಿತು. ೧೯೭೯ರಲ್ಲಿ ಬ್ರಿಟನ್ನಿನಲ್ಲಿ ವಿಲ್ಸನ್ನನ ಹೆಸರಿನಲ್ಲಿಯೇ ಅದು ಕ್ರಮವಾಗಿ ಪ್ರಕಟವಾಯಿತು. ಮೂಲಮುದ್ರಣದ ಕೆಲವೇ ಪ್ರತಿಗಳು ಇಂದು ಉಳಿದಿವೆ. ಅವುಗಳಲ್ಲೊಂದು ೨೦೦೯ರಲ್ಲಿ ೨೫,೦೦೦ ಪೌಂಡುಗಳಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ವಿಲ್ಸನ್ನನು ಸಂಗೀತದ ವ್ಯವಹಾರವನ್ನು ಬಿಟ್ಟು ಧರ್ಮೋಪದೇಶಕನಾಗಿ ಬಾಳಿ ೨೦೧೨ರಲ್ಲಿ ನಿಧನನಾದನು.

ಹಳೆಯದನ್ನು ಪ್ರೀತಿಸುವವರಲ್ಲಿ ಯಾವಾಗಲೂ ಏಳುವ ವಿವಾದ ಇಲ್ಲಿಯೂ ಎದ್ದಿತು. ಸಮುದ್ರತೀರದ ಬ್ಲ್ಯಾಕ್‌ಪೂಲ್ ಪಟ್ಟಣದ ಮೆಕ್ಕಾ ನೃತ್ಯಶಾಲೆಯ ಹೈಲ್ಯಾಂಡ್ ರೂಮಿನಲ್ಲಿ ಇಯನ್ ಲೆವೀನ್, ಕಾಲಿನ್ ಕರ್ಟಿಸ್ ಎಂಬಿಬ್ಬರು ಡಿಸ್ಕ್ ಜಾಕಿಗಳು ದಶಕದ ನಡುವೆ ಅಮೆರಿಕದ ಹೊಚ್ಚಹೊಸ ನೃತ್ಯಗೀತಗಳನ್ನು ಸೇರಿಸತೊಡಗಿದರು. ಹಳೆಯ ರಿಕಾರ್ಡುಗಳ ನಿಧಿ ಎಂದಾದರೂ ಬರಿದಾಗುವುದು, ಕರಿಯ ಜನರ ಸಂಗೀತ ಇಂದಿಗೂ ಜೀವಂತವಾಗಿರುವಾಗ ಅದನ್ನೇಕೆ ಬಿಡಬೇಕು ಎಂಬುದು ಆ ಪಕ್ಷದ ವಾದ. ಕುಣಿತಕ್ಕೆ ಒದಗಿದ ಆ ಹಳೆಯ ಲಯವನ್ನು ಬಿಟ್ಟರೆ ಕೂಟಕ್ಕೆ ಅರ್ಥವೇ ಇಲ್ಲವೆಂದು ವಿಗನ್ನಿನ ಪಕ್ಷ. ಲೆವೀನ್ ತೊಲಗಬೇಕೆಂದು ಫಲಕಗಳನ್ನು ಬರೆದು ಹಿಡಿಯುವವರೆಗೂ ಕಲಹ ಹೋಯಿತು. ಕ್ಯಾಸಿನೋದಲ್ಲಿಯೇ ‘ಮಿಸ್ಟರ್ ಎಂಸ್’ ಎಂಬ ಚಿಕ್ಕ ಅಂಗಣವನ್ನು ಬೇರೆಯಾಗಿ ತೆರೆದು, ಟ್ವಿಸ್ಟೆಡ್ ವೀಲ್, ಟಾರ್ಚ್ ಕ್ಲಬ್ಬುಗಳ ಕಾಲದ ಹಾಡುಗಳನ್ನು ಹಾಕುತ್ತಿದ್ದರು. ಅನ್ಯರ ಗತಕಾಲಕ್ಕಾಗಿ ಹುಟ್ಟಿದ ಹಂಬಲ ಇಷ್ಟು ಬೇಗ ತಮ್ಮದೇ ಗತಕಾಲದ ಹಂಬಲವಾಗಿ ತಿರುಗಿದ್ದಿತು.

ಕೂಟದ ಗುಣವನ್ನು ಹೇಳುವಾಗ ದೋಷವನ್ನೂ ಹೇಳಬೇಕು. ರಾತ್ರಿಯಿಡೀ ಕುಣಿಯಲು ನಿದ್ರೆಯನ್ನು ತಡೆಯುವ ಆಂಫೆಟಮೈನ್ ಗುಳಿಗೆಗಳನ್ನು ಅನೇಕರು ನುಂಗುತ್ತಿದ್ದರು. ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ೧೯೬೪ರ ಕಾನೂನಿನಿಂದಲೇ ಅಪರಾಧವಾಗಿದ್ದಿತು. ಔಷಧದಂಗಡಿಗಳ ಬೀಗ ಮುರಿದು ಕದ್ದವರೂ ಉಂಟು, ಎಳೆಯ ವಯಸ್ಸಿನಲ್ಲಿ ಆರೋಗ್ಯವನ್ನೂ ಪ್ರಾಣವನ್ನೂ ನೀಗಿಕೊಂಡವರೂ ಉಂಟು. ಇನ್ನೊಂದು ಕಡೆ, ಕೂಟದ ಹೆಸರನ್ನು ಬಳಸಿಕೊಂಡು ಹೊರಟ ಅಗ್ಗದ ರಿಕಾರ್ಡುಗಳು ೧೯೭೫ರಲ್ಲಿ ಜನಪ್ರಿಯ ಹಾಡುಗಳ ಪಟ್ಟಿಯನ್ನೇರಿದವು. ಹಳೆಯ ಸದಸ್ಯರು ಅವನ್ನು ಕಂಡು ಲಜ್ಜೆಪಟ್ಟರು.

ಹಾಡಿದವರಿಗೆ ಸಂದುದೇನು? ಅನುಮತಿಯಿಲ್ಲದ ಮುದ್ರಣಗಳಿಂದ ಅವರಿಗೆ ಬಿಡಿಗಾಸೂ ಬರಲಿಲ್ಲ. ಲಾಸ್ ಏಂಜಲೀಸಿನಲ್ಲಿ ಬೆಳೆದ ಗ್ಲೋರಿಯಾ ಜೋನ್ಸ್ ಎಂಬಾಕೆ ಹಾಡಿ ೧೯೬೫ರಲ್ಲಿ ಪ್ರಕಟವಾದ ‘ಟೇಂಟೆಡ್ ಲವ್’ ಅಮೆರಿಕದಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಅದು ಇದ್ದುದಾದರೂ ರಿಕಾರ್ಡಿನ ಹಿಂಬದಿಯಲ್ಲಿ. ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಅದನ್ನು ಎತ್ತಿಕೊಂಡವು. ಅಲ್ಲಿ ಅದನ್ನು ಬಲ್ಲ ಲೀಡ್ಸ್ ನಗರದ ಸಾಫ್ಟ್ ಸೆಲ್ ಎಂಬ ಜೋಡಿ ೧೯೮೧ರಲ್ಲಿ ಹೊಸದಾಗಿ ಹಾಡಿ ಬ್ರಿಟನ್ನಿನಲ್ಲಿ ಮೊದಲನೆಯ ಸ್ಥಾನ ಗಳಿಸಿತು. ಲೋಕವು ಬಲ್ಲುದು ಆ ಜೋಡಿಯ ಹಾಡನ್ನು; ವಿಗನ್ನಿನ ಕೂಟದವರು ಮಾತ್ರ ಗ್ಲೋರಿಯಾಳ ಕಂಠವನ್ನೇ ಇಂದಿಗೂ ನಿಜವೆನ್ನುವರು. ಕೆಲವರಿಗೆ ಫಲವೂ ದೊರಕಿತು. ಡೆಟ್ರಾಯಿಟಿನಲ್ಲಿ ಹೆಸರುಗಳಿಸಿದ ಎಡ್ವಿನ್ ಸ್ಟಾರನು ಇಂಗ್ಲೆಂಡಿನಲ್ಲಿಯೇ ನೆಲಸಿ, ತನ್ನನ್ನು ಮರೆಯದ ಜನರ ಮುಂದೆ ಹಾಡುತ್ತ ಬಾಳಿ, ೨೦೦೩ರಲ್ಲಿ ನಾಟಿಂಗ್‌ಹ್ಯಾಮಿನ ಬಳಿಯ ತನ್ನ ಮನೆಯಲ್ಲಿ ತೀರಿಕೊಂಡನು. ಡೀನ್ ಪ್ಯಾರಿಷನು ದಶಕಗಳ ಮೇಲೆ ತನ್ನ ಹಾಡು ಅಲ್ಲಿ ಪ್ರಸಿದ್ಧವಾಗಿದೆಯೆಂದು ತಿಳಿದು, ಬಂದು ಹಾಡಿದನು. ೧೯೮೨ರಲ್ಲಿ ಆರಂಭವಾದ ಕೆಂಟ್ ಎಂಬ ಲಂಡನ್ನಿನ ಪ್ರಕಾಶನವು ಹಕ್ಕುದಾರರ ಅನುಮತಿಯನ್ನು ಪಡೆದು, ಹಾಡಿದವರ ವೃತ್ತಾಂತಗಳನ್ನು ವಿಚಾರಿಸಿ ಬರೆದು, ಆ ಹಾಡುಗಳನ್ನು ಮತ್ತೆ ಪ್ರಕಟಿಸತೊಡಗಿತು. ಹೆಸರನ್ನು ಮುಚ್ಚಿದ ಕಾಗದವನ್ನು ಕಿತ್ತು ತೆಗೆದ ಕಾರ್ಯವಿದು. ಸಾಲ ಪೂರ್ತಿ ತೀರಲಿಲ್ಲ. ಆದರೆ ಸಾಲವಿದೆಯೆಂದು ಒಪ್ಪಿಕೊಂಡಂತಾಯಿತು. ಆ ಹಾಡುಗಾರರ ಸ್ವಂತ ದೇಶ ಅಷ್ಟನ್ನೂ ಮಾಡಿರಲಿಲ್ಲವೆಂಬುದನ್ನು ತೀರ್ಪು ಹೇಳುವವರು ನೆನಪಿನಲ್ಲಿಡಬೇಕು.

ಊರಿನ ಪುರಸಭೆಯು ತನ್ನ ಕಚೇರಿಗಳ ವಿಸ್ತರಣೆಗಾಗಿ ಕ್ಯಾಸಿನೋದ ನಿವೇಶನವನ್ನು ಬಯಸಿತು. ೧೯೮೧ರಲ್ಲಿ ಕ್ಲಬ್ಬು ಮುಚ್ಚಿತು. ಮರುವರ್ಷ ಖಾಲಿ ಕಟ್ಟಡಕ್ಕೆ ಬೆಂಕಿ ಬಿದ್ದಿತು, ೧೯೮೩ರಲ್ಲಿ ಅದನ್ನು ಕೆಡವಿದರು. ಯಾವುದಕ್ಕಾಗಿ ಮುಚ್ಚಿಸಿದರೋ ಆ ಕಚೇರಿಯ ಕಟ್ಟಡ ಏಳಲೇ ಇಲ್ಲ. ೨೦೦೭ರಲ್ಲಿ ಆ ಸ್ಥಳದಲ್ಲಿ ಅಂಗಡಿಗಳ ಸಂಕೀರ್ಣವೊಂದು ತೆರೆಯಿತು. ಕೂಟ ಮಾತ್ರ ಕಟ್ಟಡದೊಡನೆ ಅಳಿಯಲಿಲ್ಲ. ೧೯೭೯ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಒಂದು ಸಂಘವು ಅಲ್ಲಿನ ‘ಹಂಡ್ರೆಡ್ ಕ್ಲಬ್’ನಲ್ಲಿ ದಶಕಗಳ ಕಾಲ ಅಹೋರಾತ್ರಿ ನೃತ್ಯವನ್ನು ನಡಸಿಕೊಂಡು ಬಂದಿತು. ಉತ್ತರದ ಊರುಗಳಲ್ಲಿ ತಲೆ ನರೆತವರು ತಮ್ಮ ಹದಿನೇಳರ ಹೆಜ್ಜೆಗಳನ್ನು ಈಗಿನ ಮೊಣಕಾಲು ತಡೆದಷ್ಟು ಹಾಕುತ್ತಾರೆ. ಪಕ್ಕದಲ್ಲಿ ಅವರ ಮಕ್ಕಳ ವಯಸ್ಸಿನವರು ಹೊಸದಾಗಿ ಕಲಿಯುತ್ತಾರೆ. ಆ ಮಕ್ಕಳ ಪಾಲಿಗೆ ಡೆಟ್ರಾಯಿಟಿನಂತೆಯೇ ವಿಗನ್ ಸಹ ತಾವು ಕಾಣದ ಕಾಲದ ಊರು.

ಕೊನೆಯ ರಾತ್ರಿ ೧೯೮೧ರ ಡಿಸೆಂಬರ್ ೬ರದು. ಬೆಳಗಾಗುವಾಗ ಪದ್ಧತಿಯಂತೆ ಆ ಮೂರು ರಿಕಾರ್ಡುಗಳನ್ನು ಹಾಕಿದರು. ಜನ ಕದಲಲಿಲ್ಲ. ಎರಡನೆಯ ಸಲ ಹಾಕಿದರು, ಮೂರನೆಯ ಸಲವೂ ಹಾಕಿದರು. ನೆರೆದವರು ಅಳುತ್ತ ನಿಂತಿದ್ದರು. ಆಗ ವಿನ್‌ಸ್ಟಾನ್ಲಿಯು ಆ ದುಃಖವನ್ನು ಮುರಿಯಲೆಂದು ಇನ್ನೊಂದು ರಿಕಾರ್ಡನ್ನು ಎತ್ತಿ ಹಾಕಿದನು. ಅದು ಫ್ರಾಂಕ್ ವಿಲ್ಸನ್ನನ ಹಾಡು. ಹದಿನಾರು ವರ್ಷಗಳ ಹಿಂದೆ ಡೆಟ್ರಾಯಿಟಿನಲ್ಲಿ ಯಾರಿಗೂ ಬೇಡವೆಂದು ನಾಶಪಡಿಸಿದ ಹಾಡಿಗೆ, ಇನ್ನು ಕೆಲವೇ ದಿನಗಳಲ್ಲಿ ಯಾರಿಗೂ ಬೇಡವಾಗಲಿದ್ದ ಆ ಮರದ ನೆಲದ ಮೇಲೆ ಎಲ್ಲರೂ ಮತ್ತೊಮ್ಮೆ ಕುಣಿದರು. ಅದು ಮುಗಿದ ಮೇಲೆ ಚೀಲಗಳನ್ನು ಹೆಗಲಿಗೇರಿಸಿಕೊಂಡು ಬೆಳಕಿಗೆ ಬಂದು, ರೈಲು ನಿಲ್ದಾಣದ ಕಡೆಗೆ ನಡೆದರು.